ಡಂಬಳದಲ್ಲಿ ನಮ್ಮ ದಸರೆಯ ಸೂಟಿ

ಮದುವೆಯಾಗಿ ಎಂಟು ತಿಂಗಳು ತುಂಬುವುದರೊಳಗೆ ಒದಗಿಬಂದ ಮೊದಲನೆಯ ದಸರೆಯ ಸೂಟಿಯನ್ನು ಎಲ್ಲಿ ಕಳೆಯಬೇಕೆಂಬ ವಿಷಯದಲ್ಲಿ ನಮ್ಮಿಬ್ಬರಿಗಿಂತಲೂ ನಮ್ಮ ಬಂಧುಬಳಗದವರಿಗೇ ಹೆಚ್ಚಿನ ಕಾಳಜಿಯಿದ್ದಿತು. ಒಬ್ಬರು ಮೈಸೂರಿನ ಜಂಬೂಸವಾರಿಯನ್ನು ನೋಡಿಬನ್ನಿರೆಂದರು. ಇನ್ನೊಬ್ಬರು ಗೋಕರ್ಣದ ಸಮುದ್ರವನ್ನು ಬಣ್ಣಿಸಿದರು. ನಾವು ಎಲ್ಲಿಗೂ ಹೋಗದೆ ಡಂಬಳದಲ್ಲಿಯೇ ಉಳಿದೆವು. ಇದಕ್ಕೆ ಘನವಾದ ಕಾರಣವೇನೂ ಇಲ್ಲ. ಹೊಸ ಸಂಸಾರದ ಪಾತ್ರೆಪಡಗಗಳಿಗಾಗಿ ಕೈಯೊಳಗಿನ ಹಣವೆಲ್ಲ ತೀರಿಹೋಗಿದ್ದಿತು. ನೆರೆಹೊರೆಯವರಿಗೆ ಮಾತ್ರ, ಊರನ್ನು ಚೆನ್ನಾಗಿ ನೋಡಬೇಕೆಂದು ಉಳಿದಿದ್ದೇವೆಂದು ಹೇಳಿದೆವು. ಹೇಳಿದ ಮೇಲೆ ನೋಡದೆ ಗತಿಯಿರಲಿಲ್ಲ.

ಡಂಬಳವು ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿರುವ ಊರು. 1997ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಗದಗ ಜಿಲ್ಲೆಯನ್ನು ಮಾಡಿದಂದಿನಿಂದ ಇದು ಆ ಜಿಲ್ಲೆಯ ಮುಂಡರಗಿ ತಾಲೂಕಿಗೆ ಸೇರಿದೆ. ಸುತ್ತಲೂ ಎರೆಭೂಮಿ, ಒಂದು ಮಗ್ಗುಲಿಗೆ ಕಪ್ಪತಗುಡ್ಡದ ಸಾಲು, ಊರಿಗೆ ತನ್ನದೇ ಆದ ದೊಡ್ಡ ಕೆರೆ. ಒಂಬೈನೂರು ವರ್ಷಗಳ ಹಿಂದೆ ಧರ್ಮವೊಳಲೆಂದು ಕರೆಯಿಸಿಕೊಂಡು ಮೆರೆದ ಪಟ್ಟಣವಿದು. ಈಗ ಇಲ್ಲಿಗೆ ವರ್ಗವಾಗಿ ಬಂದವರನ್ನು ಕಂಡರೆ ಪಟ್ಟಣದ ಜನರು, "ಅಯ್ಯೋ ಪಾಪ" ಎನ್ನುತ್ತಾರೆ.

ಹಾಗೆ ಎನ್ನುವವರಲ್ಲಿ ಮೊದಲಿಗರೆಂದರೆ ನಮ್ಮ ಮನೆಯೊಡತಿಯ ತಂದೆಯವರು. ನಮ್ಮಿಬ್ಬರಲ್ಲಿ ಒಬ್ಬರು ಇಲ್ಲಿಯ ಶಾಲೆಯಲ್ಲಿ ಮಾಸ್ತರರು. ಇನ್ನೊಬ್ಬರು ಧಾರವಾಡದಲ್ಲಿ ಹುಟ್ಟಿ ಬೆಳೆದು, ಪದವಿಯನ್ನು ಪಡೆದು, ಈ ಮನೆಗೆ ಒಡತಿಯಾಗಿ ಬಂದವರು. ತಂದೆಯವರು ಮೂವತ್ತು ವರ್ಷ ಬ್ಯಾಂಕಿನ ನಗದು ಕಟ್ಟೆಯಲ್ಲಿ ಕುಳಿತು ನಿವೃತ್ತರಾದವರು. ಮಗಳಿಗೆ ಧಾರವಾಡದಲ್ಲಿ ತಕ್ಕ ಕೆಲಸ ಸಿಕ್ಕೀತು, ಅಳಿಯಂದಿರೂ ಅತ್ತಲೇ ವರ್ಗ ಮಾಡಿಸಿಕೊಳ್ಳಬೇಕು ಎಂಬುದು ಅವರ ಹಟ. ಬನ್ನಿಯ ಹಬ್ಬದ ಮರುದಿನ ತಾಯಿಯವರನ್ನೂ ಕಿರಿಯ ಮಗನನ್ನೂ ಕರೆದುಕೊಂಡು ಬರುತ್ತೇವೆಂದು ದೂರವಾಣಿಯಲ್ಲಿ ತಿಳಿಸಿದಾಗ, ಅವರು ಬರುತ್ತಿರುವುದು ಹಬ್ಬಕ್ಕೋ ತನಿಖೆಗೋ ಎಂದು ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಮಾಸ್ತರರಿಗೆ ಊರು ಒಗ್ಗಿದ್ದಿತು. ಮನೆಯೊಡತಿಗೆ ಒಗ್ಗಿದ್ದಿತೋ ಇಲ್ಲವೋ ಎಂಬುದನ್ನು ಅಲ್ಲಿಯವರೆಗೆ ಮಾಸ್ತರರು ಕೇಳಿರಲಿಲ್ಲ, ಮನೆಯೊಡತಿ ಹೇಳಿರಲಿಲ್ಲ.

ವಿಜಯದಶಮಿಯ ಸಂಜೆಯಿಂದಲೇ ನಮ್ಮ ಫಜೀತಿಗಳು ಮೊದಲಾದವು. ನಮ್ಮ ಕಡೆ ಬನ್ನಿ ಕೊಡುವುದೆಂದರೆ ಊರಿಗೆ ಊರೇ ಮನೆಮನೆಗೆ ತಿರುಗುವುದು. ಬನ್ನಿಯೆಲೆಯನ್ನು ಕೊಟ್ಟು, ಕೊಂಡು, ಬಂಗಾರದಂತೆ ಇರೋಣವೆಂದು ಹೇಳಿ, ಹಿರಿಯರ ಕಾಲಿಗೆರಗಿ, ಬಾಯಿ ಸಿಹಿ ಮಾಡಿಕೊಂಡು ಮುಂದಿನ ಮನೆಗೆ ಸಾಗುವುದು. ಇದನ್ನು ಬಲ್ಲವರಾಗಿಯೂ, ಪರಸ್ಥಳದವರಾದ ನಮ್ಮ ಮನೆಗೆ ಹತ್ತಿಪ್ಪತ್ತು ಜನ ಬಂದಾರೆಂದು ಎಣಿಸಿ ಒಂದೇ ಹಿಡಿ ಎಲೆಯನ್ನು ತಂದಿಟ್ಟಿದ್ದೆವು. ಮಾಸ್ತರರ ಶಿಷ್ಯರು, ಅವರ ಅಣ್ಣತಮ್ಮಂದಿರು, ಅಜ್ಜಂದಿರು, ಹಾಲು ಹಾಕುವವರು, ಹಿಟ್ಟಿನ ಗಿರಣಿಯವರು, ಹೀಗೆ ದೀಪ ಹಚ್ಚುವ ಹೊತ್ತಿಗೆ ಅಂಗಳವೇ ತುಂಬಿಹೋಯಿತು. ಎಲೆ ತೀರಿದ್ದರಿಂದ, ಒಬ್ಬರು ಕೊಟ್ಟುದನ್ನೇ ಮತ್ತೊಬ್ಬರಿಗೆ ದಾಟಿಸತೊಡಗಿದೆವು. ಆ ಗಡಿಬಿಡಿಯಲ್ಲಿ ಮೂಲೆಮನೆಯ ಅಜ್ಜನು ಕೊಟ್ಟ ಎಲೆಯನ್ನು ಅವನ ಕೈಗೇ ತಿರುಗಿ ಇಟ್ಟೆವು.

"ಇದೇನ್ರೀ ಮಾಸ್ತರ್ರ, ನನ್ನ ಬಂಗಾರ ನನಗ ತಿರಗಿ ಕೊಟ್ಟೀರಲ್ಲ, ಸಾಲಾ ತೀರಿಸಿದ್ರೇನು?" ಎಂದು ಅವನು ನಕ್ಕಾಗ ಅಂಗಳವೆಲ್ಲ ನಕ್ಕಿತು. ನಾವೂ ನಕ್ಕೆವು, ಆದರೆ ಸಕ್ಕರೆಯ ಡಬ್ಬಿಯೂ ತಳ ಕಂಡುದನ್ನು ಆಗಲೇ ಗಮನಿಸಿದುದರಿಂದ ಆ ನಗೆ ಪೂರ್ಣ ಮನಸ್ಸಿನದಾಗಿರಲಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿನಿಂದ ನಮ್ಮ ಅತಿಥಿಗಳು ಇಳಿದರು. ತಾಯಿಯವರು ಕೆಂಪು ವಸ್ತ್ರ ಕಟ್ಟಿದ ಬುಟ್ಟಿಯ ತುಂಬ ಶೇಂಗಾಹೋಳಿಗೆ, ಚಕ್ಕುಲಿ, ಕರ್ಚಿಕಾಯಿಗಳನ್ನು ತಂದಿದ್ದರು. ಮನೆಗೆ ಬಂದು, ಕೈಕಾಲು ತೊಳೆದು, ಬುಟ್ಟಿಯ ವಸ್ತ್ರವನ್ನು ಬಿಚ್ಚಿದೊಡನೆ ಅದರೊಳಗಿಂದ ಕೊಕ್ಕೊಕ್ಕೋ ಎಂದು ಕೂಗುತ್ತ ಒಂದು ಕೋಳಿ ಹಾರಿತು. ಮಡಿವಂತರಾದ ತಾಯಿಯವರು ಒಂದು ಕಡೆಗೆ, ಕೋಳಿ ಒಂದು ಕಡೆಗೆ, ಅದನ್ನು ಹಿಡಿಯಹೋದ ಹುಡುಗನು ಕೊಡ ಉರುಳಿಸಿಕೊಂಡು ಇನ್ನೊಂದು ಕಡೆಗೆ! ಬಸ್ಸಿನಲ್ಲಿ ಬುಟ್ಟಿ ಅದಲುಬದಲಾಗಿತ್ತು. ಯಾರದೆಂದು ತಿಳಿಯುವ ಬಗೆ ಹೇಗೆ? ಆ ರಾತ್ರಿ ಕೋಳಿಯು ಬಚ್ಚಲಿನಲ್ಲಿ ವಾಸ್ತವ್ಯ ಮಾಡಿತು.

ಬೆಳಗಾಗುತ್ತಲೇ ಪಕ್ಕದ ಹಳ್ಳಿಯ ಹೆಣ್ಣುಮಗಳೊಬ್ಬಳು ನಮ್ಮ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮನೆ ಕೇಳುತ್ತ ಬಂದಳು. "ಯವ್ವಾ, ಹೋಳಿಗಿ ಎರಡು ಕಡಿಮಿ ಅದಾವ್ರಿ. ಹುಡುಗ್ರು ತಡೀಲಿಲ್ಲ" ಎಂದು ಮೊದಲೇ ಹೇಳಿಬಿಟ್ಟಳು. ಕೋಳಿಯು ರಾತ್ರಿ ಒಂದು ತತ್ತಿಯನ್ನಿಟ್ಟಿದ್ದಿತು. ಅದನ್ನೂ ಕೂಡಿಸಿ ಅವಳ ಸೊತ್ತನ್ನು ಅವಳಿಗೆ ಒಪ್ಪಿಸಲಾಯಿತು. ತಂದೆಯವರು ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದವರು, "ಲೆಕ್ಕ ಛಲೋ ಇಟ್ಟಾಳ" ಎಂದರು. ಅವರ ಬಾಯಿಂದ ಡಂಬಳದ ಕಡೆಯವರ ಬಗ್ಗೆ ಬಂದ ಮೊದಲನೆಯ ಒಳ್ಳೆಯ ಮಾತು ಅದು. ಮಿಕ್ಕ ಹೋಳಿಗೆಗಳಲ್ಲಿ ನಾಲ್ಕನ್ನು ತಾಯಿಯವರು ಅವಳ ಮಕ್ಕಳಿಗೆಂದು ಕಟ್ಟಿಕೊಟ್ಟರು.

ಆ ಒಳ್ಳೆಯ ಮಾತು ಬಹಳ ಹೊತ್ತು ಉಳಿಯಲಿಲ್ಲ. ಸಂಜೆಗೆ ಚಿತ್ತಿಯ ಮಳೆ ಹೊಡೆಯಿತು. ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಎಲ್ಲೆಲ್ಲಿ ಸೋರುವುದೆಂಬುದನ್ನು ನಾವು ಮಳೆಗಾಲದಲ್ಲಿಯೇ ಕಲಿತು, ಅಲ್ಲಲ್ಲಿ ಪಾತ್ರೆಗಳನ್ನಿಡುವ ಕ್ರಮವನ್ನು ರೂಢಿಸಿಕೊಂಡಿದ್ದೆವು. ಆದರೆ ಅಂದು ಮಾಳಿಗೆಯು ಹೊಸದೊಂದು ಸ್ಥಳವನ್ನು ಆರಿಸಿಕೊಂಡಿತು. ಅದು ಸರಿಯಾಗಿ ತಂದೆಯವರ ಹಾಸಿಗೆಯ ತಲೆದಿಂಬಿನ ಮೇಲೆ. ಅವರು ಮಾತಾಡಲಿಲ್ಲ. ಎದ್ದು, ತಮ್ಮ ಚೀಲದಿಂದ ಅಚ್ಚುಕಟ್ಟಾಗಿ ಮಡಚಿದ ಒಂದು ಕಾಗದವನ್ನು ತೆಗೆದು, ದೀಪದ ಮಾಡದಲ್ಲಿಟ್ಟು, "ಸಾವಕಾಶ ಓದ್ರಿ, ಅಳಿಯಂದ್ರ" ಎಂದರು. ಅದು ವರ್ಗಾವಣೆಯ ಅರ್ಜಿ. ಎಲ್ಲ ತುಂಬಿತ್ತು; ಸಹಿಯೊಂದೇ ಬಾಕಿ.

ಮರುದಿನ ಮಳೆ ಹೊಳವಾದ್ದರಿಂದ ಎಲ್ಲರೂ ದೊಡ್ಡಬಸಪ್ಪನ ಗುಡಿಗೆ ಹೋದೆವು. ಹೊರಗಿನಿಂದ ನೋಡಿದರೆ ಗುಡಿಯ ಗೋಡೆಯು ದುಂಡಗಿದೆಯೋ ಮೂಲೆಮೂಲೆಯಾಗಿದೆಯೋ ಎಂಬುದೇ ತಿಳಿಯಲೊಲ್ಲದು. ಕಲ್ಯಾಣ ಚಾಲುಕ್ಯರ ಕಾಲದ, ಹನ್ನೆರಡನೆಯ ಶತಮಾನದ ಕಟ್ಟಡವಿದು. ಬಳಪದ ಕಲ್ಲಿನಲ್ಲಿ ಕಡೆದುದು. ಗರ್ಭಗುಡಿಯ ತಲವಿನ್ಯಾಸವು 24 ಮೂಲೆಗಳ ನಕ್ಷತ್ರದಂತಿದ್ದು, ಮೇಲಿನ ಶಿಖರವು ಏಳು ಅಂತಸ್ತುಗಳಲ್ಲಿ ಅದೇ ಮೂಲೆಗಳನ್ನು ಹೊತ್ತು ಏರುತ್ತದೆ. ನಕ್ಷತ್ರಾಕಾರದ ಗುಡಿಗಳು ನಾಡಿನಲ್ಲಿ ಬೇಕಾದಷ್ಟುಂಟು. ಆದರೆ ನಡುವೆ ಎಲ್ಲಿಯೂ ತಡೆಯಿಲ್ಲದೆ 24 ಮೂಲೆಗಳು ಸುತ್ತಿಬರುವ ಈ ಬಗೆಯು ಡಂಬಳದ ಹೊರತು ಬೇರೆಲ್ಲಿಯೂ ಇಲ್ಲವೆಂದು ಶಿಲ್ಪವನ್ನು ಬಲ್ಲವರು ಬರೆದಿದ್ದಾರೆ. ಪೂರ್ವದ ಕಡೆಗೆ ಕುಳಿತ ದೊಡ್ಡ ಬಸವಣ್ಣನಿಂದಲೇ ಗುಡಿಗೆ ಈ ಹೆಸರು, ಒಳಗಿರುವವನು ಶಿವ.

24 ಎಂಬ ಅಂಕಿಯನ್ನು ಕೇಳಿದ ಮೇಲೆ ನಗದು ಕಟ್ಟೆಯಲ್ಲಿ ಕುಳಿತ ಜೀವ ಸುಮ್ಮನಿರುವುದುಂಟೇ? ತಂದೆಯವರು ಬಲಗೈಯ ಬೆರಳಿನಿಂದ ಒಂದೊಂದೇ ಮೂಲೆಯನ್ನು ಮುಟ್ಟುತ್ತ ಎಣಿಸಿಕೊಂಡು ಹೋದರು. ಲೆಕ್ಕ ಕಡಿಮೆ ಬಂದಿತು. ಮತ್ತೊಮ್ಮೆ ಎಣಿಸಿದರು, ಬೇರೆಯ ಸಂಖ್ಯೆ ಬಂದಿತು. ಮೂರನೆಯ ಸಲ ನಡುವೆ ಯಾರೋ ಮಾತಾಡಿಸಿ ತಪ್ಪಿಸಿದರು. "ಇಪ್ಪತ್ನಾಲ್ಕು ಇಲ್ರೀ ಇಲ್ಲೆ. ಪುಸ್ತಕದವ್ರು ಕಣ್ಣಂದಾಜಿನ ಮ್ಯಾಲೆ ಬರದಾರ" ಎಂದು ತೀರ್ಪು ಕೊಟ್ಟೇಬಿಟ್ಟರು.

ಮನೆಗೆ ಬಂದ ಮೇಲೆ ಮನೆಯೊಡತಿಯು ರಂಗೋಲಿಯ ಬಟ್ಟಲನ್ನು ತಂದು ಅಂಗಳದಲ್ಲಿ ಒಂದು ಚೌಕವನ್ನು ಬರೆದಳು. ನಡುವಿನ ಬಿಂದು ಕದಲದಂತೆ ಅದನ್ನು 15 ಅಂಶ ತಿರುಗಿಸಿ ಇನ್ನೊಂದು ಚೌಕ. ಅದನ್ನೂ ಅಷ್ಟೇ ತಿರುಗಿಸಿ ಮತ್ತೊಂದು. ಹೀಗೆ ಆರು ಚೌಕಗಳಾಗುವಷ್ಟರಲ್ಲಿ ಒಂದು ಸುತ್ತು ಮುಗಿದು 24 ಮೂಲೆಗಳು ತಾವಾಗಿಯೇ ಮೂಡಿದವು. ಅನಂತರ ಪೂರ್ವದ ಕಡೆಗೆ ಅಂತರಾಳವನ್ನೂ ನವರಂಗವನ್ನೂ ಬರೆದು, "ನೋಡ್ರಪ್ಪಾ, ಈ ಬಾಜೂಕಿನ ಮೂಲಿ ಒಳಗ ಅಡಗ್ಯಾವ. ಹೊರಗ ನಿಂತು ಎಣಿಸಿದ್ರ ಹ್ಯಾಂಗ ಸಿಗತಾವ?" ಎಂದು ಕೇಳಿದಳು. ತಂದೆಯವರು ರಂಗೋಲಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ತೃಪ್ತಿಪಟ್ಟು, "ಇದನ್ನ ಯಾರು ಕಲಿಸಿದ್ರು ನಿನಗ?" ಎಂದರು. ಯಾರೂ ಕಲಿಸಿರಲಿಲ್ಲ. ಮಾಸ್ತರರು ಶಾಲೆಗೆ ಹೋದ ಮೇಲೆ ಎಷ್ಟೋ ಮಧ್ಯಾಹ್ನಗಳಲ್ಲಿ ಅವಳು ಒಬ್ಬಳೇ ಆ ಗುಡಿಯಲ್ಲಿ ಕುಳಿತು ಬಂದಿದ್ದಳು. ಆ ಸಂಗತಿಯು ತಂದೆಯವರಿಗೆ ತಿಳಿದ ಗಳಿಗೆಯಲ್ಲಿಯೇ ಮಾಸ್ತರರಿಗೂ ತಿಳಿಯಿತು. ಊರಿನ ಮೇಲಿನ ಪ್ರೀತಿಯಿಂದ ಹೋಗುತ್ತಿದ್ದಳೋ, ಹೊತ್ತು ಹೋಗದೆ ಹೋಗುತ್ತಿದ್ದಳೋ ಎಂಬ ಪ್ರಶ್ನೆ ಮಾಸ್ತರರನ್ನು ಆ ರಾತ್ರಿ ಸರಿಯಾಗಿ ಮಲಗಗೊಡಲಿಲ್ಲ.

ಈ ಊರಿನ ಹಳೆಯ ಸಂಗತಿಗಳನ್ನು ತಂದೆಯವರ ಮುಂದೆ ಬಿಚ್ಚಿಡುವುದರಲ್ಲಿ ನಮಗೆ ಒಂದು ಬಗೆಯ ಹುರುಪು ಹುಟ್ಟಿದ್ದಿತು. ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, 1095ರ ಶಾಸನವೊಂದು ಇಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವನ್ನೂ ತಾರಾದೇವಿಯನ್ನೂ ಹೆಸರಿಸುತ್ತದೆ. ಕನ್ನಡನಾಡಿನಲ್ಲಿ ಬೌದ್ಧರು ತೀರ ವಿರಳವಾಗಿದ್ದ ಕಾಲದಲ್ಲಿ, ಶಿವಾಲಯಗಳ ನೆರೆಯಲ್ಲಿ, ವ್ಯಾಪಾರಿಗಳು ಹಣ ಕೂಡಿಸಿ ವಿಹಾರವನ್ನು ಕಟ್ಟಿಸಿದರೆಂಬುದು ಚಿಕ್ಕ ಮಾತಲ್ಲ. ತೋಂಟದಾರ್ಯ ಮಠಕ್ಕೆ ಹೋದಾಗ, ಮನೆಮನೆಯಿಂದ ಜೋಳದ ರೊಟ್ಟಿಗಳು ಬಂದು ಎಲ್ಲ ಮತದವರೂ ಕೂಡಿ ಉಣ್ಣುವ ಇಲ್ಲಿಯ ರೊಟ್ಟಿಜಾತ್ರೆಯ ಸುದ್ದಿಯನ್ನು ಹೇಳಿದೆವು. 2018ರಲ್ಲಿ ಲಿಂಗೈಕ್ಯರಾದ ಗದಗ-ಡಂಬಳದ ಸಿದ್ಧಲಿಂಗ ಸ್ವಾಮಿಗಳ ಪುಸ್ತಕಪ್ರೇಮವನ್ನು ಧಾರವಾಡದವರಾದ ಅವರೇ ನಮಗಿಂತ ಚೆನ್ನಾಗಿ ಬಲ್ಲರು. ಆದರೆ ಇವೆಲ್ಲಕ್ಕಿಂತ ಅವರ ಮನಸ್ಸನ್ನು ಸೆಳೆದುದು ಬೇರೊಂದು. 1858ರ ಮೇ ತಿಂಗಳಲ್ಲಿ ಮುಂಡರಗಿಯ ಭೀಮರಾಯನು ಇಂಗ್ಲಿಷರ ಮೇಲೆ ಎದ್ದಾಗ, ಹಮ್ಮಿಗೆಯ ಕೆಂಚನಗೌಡನೇ ಮುಂತಾದವರೊಡನೆ ಬಂದು ಡಂಬಳದ ಸರಕಾರಿ ಖಜಾನೆಯನ್ನು ಸುಲಿದು, ಅಲ್ಲಿಂದ ಮುಂದೆ ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಮಡಿದನು. ಇದನ್ನು ಕೇಳಿ ತಂದೆಯವರು ನಡುದಾರಿಯಲ್ಲಿ ನಿಂತೇಬಿಟ್ಟರು.

"ಖಜಾನಿಯೊಳಗ ರೊಕ್ಕ ಎಷ್ಟಿತ್ತು?"

ಯಾರಿಗೂ ಹೇಳಲಾಗಲಿಲ್ಲ. "ಅಷ್ಟು ದೊಡ್ಡ ಸಂಗತಿ ಹೇಳತೀರಿ, ಶಿಲ್ಲಕು ಹೇಳಂಗಿಲ್ಲ" ಎಂದು ಅವರು ನಮ್ಮ ಇತಿಹಾಸಜ್ಞಾನದ ಮೇಲೆ ಗೆರೆ ಎಳೆದರು. ಆದರೂ ಭೀಮರಾಯನ ಮೇಲೆ ಅವರಿಗೆ ಗೌರವವೇ ಬಂದಿರಬೇಕು. ರಾತ್ರಿ ಊಟಕ್ಕೆ ಕುಳಿತಾಗಲೂ ಆ ಮಾತನ್ನು ತೆಗೆದರು.

ಕಪ್ಪತಗುಡ್ಡದ ಪ್ರವಾಸವನ್ನು ಚುಟುಕಾಗಿ ಹೇಳುವೆವು. ಡೋಣಿಯವರೆಗೆ ವಾಹನ, ಮುಂದೆ ನಡಿಗೆ. ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಸಾರಿದ್ದಾರೆ. ಗಣಿಗಾರಿಕೆಯ ಭಯದಿಂದ ಅದನ್ನು ಉಳಿಸಿಕೊಳ್ಳಲು ಈ ಭಾಗದ ಜನರು ವರ್ಷಗಟ್ಟಲೆ ಹೋರಾಡಿದರು. ಮಳೆಗಾಲ ಮುಗಿದ ಹೊಸತರಲ್ಲಿ ಅದರ ಹಸಿರನ್ನು ನೋಡಿದವರಿಗೆ ಆ ಹೋರಾಟದ ಕಾರಣವನ್ನು ಬೇರೆ ಹೇಳಬೇಕಾಗಿಲ್ಲ. ಗಾಳಿಯಂತೂ ಗಾಳಿಯೇ! ನೆತ್ತಿಯ ಮೇಲೆ ನಿಂತು ತಂದೆಯವರು, "ಇಲ್ಲಿಂದ ಗದಗ ಕಾಣಬೇಕು" ಎಂದು ಕೈಯೆತ್ತಿ ತೋರಿಸುತ್ತಿದ್ದಾಗ ಅವರ ಬಿಳಿಯ ಟೋಪಿಯು ಹಾರಿ, ಒಂದು ಕಂಟಿಯ ಮೇಲೆ ಅರೆಗಳಿಗೆ ವಿಶ್ರಮಿಸಿ, ಹುಡುಗನು ಅದರತ್ತ ಓಡುವುದರೊಳಗಾಗಿ ಕಣಿವೆಗಿಳಿಯಿತು. ಮೂವತ್ತು ವರ್ಷ ಬರಿದಲೆಯಲ್ಲಿ ಅವರನ್ನು ಹೊರಗೆ ಕಂಡವರಿಲ್ಲ. ಊರಿಗೆ ಬರುವಾಗ ಮಗಳ ವಲ್ಲಿಯನ್ನೇ ರುಮಾಲಿನಂತೆ ಸುತ್ತಿಕೊಂಡು ಬಂದರು. ಕೇರಿಯ ಹುಡುಗರು ಅವರಿಗೆ ನಮಸ್ಕಾರ ಮಾಡಿದ ರೀತಿಯಲ್ಲಿ ಆ ದಿನ ತುಸು ಹೆಚ್ಚಿನ ಭಕ್ತಿ ಕಂಡಿತು.

ಇನ್ನು ಸೀಗೆಹುಣ್ಣಿವೆಯ ಮಾತು. ಒಕ್ಕಲುತನದವರಿಗೆ ದಸರೆಗಿಂತ ಇದೇ ದೊಡ್ಡದು. ಹೊಟ್ಟೆಯಲ್ಲಿ ಬೆಳೆಯನ್ನು ಹೊತ್ತ ಭೂಮಿತಾಯಿಗೆ ಬಯಕೆಯ ಊಟವನ್ನು ಉಣಿಸುವ ದಿನ. ನಮಗೆ ಹಾಲು ಕೊಡುವ ಮನೆಯವರು ತಮ್ಮ ಹೊಲಕ್ಕೆ ನಮ್ಮನ್ನೆಲ್ಲ ಕರೆದರು. ಚಕ್ಕಡಿಯಲ್ಲಿ ಕುಳಿತು ಹೋದೆವು. ಬುಟ್ಟಿಗಳಲ್ಲಿ ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಪುಂಡಿಯ ಪಲ್ಯ, ಗುರೆಳ್ಳಿನ ಹಿಂಡಿ, ಕರಿಗಡಬು, ಮೊಸರನ್ನ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಪೂಜೆ ಮಾಡಿ, ಎಡೆ ತೋರಿಸಿ, ಅನ್ನವನ್ನು ಚರಗವಾಗಿ ಹೊಲದ ನಾಲ್ಕೂ ಕಡೆಗೆ ಕೂಗುತ್ತ ಚೆಲ್ಲಿದರು. ಮೆಣಸಿನ ಗಿಡಗಳು ಕಾಯಿ ಹಿಡಿದಿದ್ದವು. ಪಕ್ಕದ ಎರೆಯಲ್ಲಿ ಹಿಂಗಾರಿಯ ಜೋಳವು ಆಗಷ್ಟೇ ನಾಟಿ ಎದ್ದಿದ್ದಿತು. ಚರಗ ಚೆಲ್ಲುವ ಗಂಡಸರ ಹಿಂದೆ ಮನೆಯೊಡತಿಯೂ ಸೆರಗು ಕಟ್ಟಿಕೊಂಡು ಓಡಿದಳು. ತಾಯಿಯವರು ಗಿಡದ ನೆರಳಿನಲ್ಲಿ ಕುಳಿತು ನೋಡುತ್ತಿದ್ದರು. ಅಂದು ಅವರ ಮುಖ ಬಹಳ ಎಳೆಯದಾಗಿ ಕಂಡಿತೆಂದು ನಮಗೆ ಆಮೇಲೆ ನೆನಪಾಯಿತು.

ಮನೆಗೆ ಹಿಂದಿರುಗಿದ ಮೇಲೆ ಕನ್ನಡಿಯ ಮುಂದೆ ನಿಂತಾಗ ಗೊತ್ತಾಯಿತು: ಮನೆಯೊಡತಿಯ ಎಡಗಿವಿಯ ಬೆಂಡೋಲೆಯಿಲ್ಲ. ಅವು ಸಾದಾ ಓಲೆಗಳಲ್ಲ; ತಾಯಿಯವರ ತಾಯಿಯವು. ಮದುವೆಯ ದಿನ ತಾಯಿಯವರು ತಮ್ಮ ಕಿವಿಯಿಂದ ತೆಗೆದು ಮಗಳಿಗೆ ಇಟ್ಟವು. ಯಾರಿಗೂ ಹೇಳದೆ ನಾವಿಬ್ಬರೂ ಬೆಳುದಿಂಗಳಿನಲ್ಲಿ, ಚರವಾಣಿಯ ದೀಪವನ್ನು ಹಿಡಿದು, ತಿರುಗಿ ಆ ಹೊಲಕ್ಕೆ ಹೋದೆವು. ಎರೆಮಣ್ಣಿಗೆ ಅಂದಿಗೂ ಮಳೆಯ ಹಸಿ ಆರಿರಲಿಲ್ಲ. ಕಾಲಿಟ್ಟಲ್ಲಿ ಮಣ್ಣು ಚಪ್ಪಲಿಯನ್ನು ಹಿಡಿಯುತ್ತಿತ್ತು. ಅಂಥದರಲ್ಲಿ ಗುಲಗಂಜಿಯಷ್ಟು ಬಂಗಾರ! ಎರಡು ತಾಸು ಹುಡುಕಿದೆವು. ಮನೆಯೊಡತಿ ಬದುವಿನ ಮೇಲೆ ಕುಳಿತು ಅತ್ತಳು. ಆಗ ಮಾಸ್ತರರು ಓಲೆಯ ಮಾತನ್ನು ಬಿಟ್ಟು, ಅಷ್ಟು ದಿನ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು: ಅರ್ಜಿಗೆ ಸಹಿ ಹಾಕಲೇ?

"ಈಗ ಕೇಳತೀರೇನು?" ಎಂದಳು. ತುಸು ಹೊತ್ತಿನ ಮೇಲೆ, "ಮೊದಲನೇ ತಿಂಗಳ ಕೇಳಿದ್ರ ಹೂಂ ಅಂತಿದ್ದೆ" ಎಂದು ಸೇರಿಸಿದಳು. ಅಷ್ಟಕ್ಕೇ ಬಿಟ್ಟಳು, ನಾವೂ ಅಷ್ಟಕ್ಕೇ ಬಿಡುವೆವು.

ಮರುದಿನ ಬೆಳಗಿನಿಂದ ಅವಳು ಕಿವಿ ಮುಚ್ಚುವಂತೆ ಸೆರಗು ಹೊದ್ದು ತಿರುಗಾಡತೊಡಗಿದಳು. ಗಾಳಿಯಲ್ಲಿ ಅಡ್ಡಾಡಿ ಮಗಳಿಗೆ ಕಿವಿನೋವು ಬಂದಿದೆಯೆಂದು ತಂದೆಯವರು ತಾವಾಗಿಯೇ ನಿರ್ಣಯಿಸಿ, ಯಾರನ್ನೂ ಕೇಳದೆ ಬೆಳ್ಳುಳ್ಳಿಯ ಎಸಳನ್ನು ಹಾಕಿ ಎಣ್ಣೆ ಕಾಯಿಸಿ, ಅರಳೆಯನ್ನೂ ಬಟ್ಟಲನ್ನೂ ಹಿಡಿದು ಬಂದರು. ಅವಳು ಒಲ್ಲೆನೆಂದಳು. ಅವರು ಬಿಡಲಿಲ್ಲ. ಸೆರಗು ಸರಿಯಿತು. ಬಟ್ಟಲು ಹಿಡಿದ ಅವರ ಕೈ ಅಲ್ಲಿಯೇ ನಿಂತಿತು.

ಒಲೆಯ ಮುಂದಿದ್ದ ತಾಯಿಯವರು ತಿರುಗಿಯೂ ನೋಡದೆ, "ನಿನ್ನೆ ಚಕ್ಕಡಿಯೊಳಗನ ನೋಡೀನಿ, ಬಿಡ್ರಿ" ಎಂದರು. ಆಮೇಲೆ ರೊಟ್ಟಿಯನ್ನು ಮಗುಚುತ್ತ, "ನಮ್ಮವ್ವ ಇವನ್ನ ಇಟಗೊಂಡನ ಕಳೇ ತಗೀತಿದ್ಲು. ಹೊಲದಾಗಿಂದ ಬಂದಿತ್ತು, ಹೊಲಕ್ಕ ಹೋತು" ಎಂದರು. ನಾವು ಅಷ್ಟೂ ಕಾಲ ತಾಯಿಯವರನ್ನು ಧಾರವಾಡದವರೆಂದೇ ತಿಳಿದಿದ್ದೆವು. ಅವರು ಹುಟ್ಟಿದುದು ನವಲಗುಂದದ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಮದುವೆಯಾಗಿ ಬಂದ ಮೇಲೆ ನಲವತ್ತು ವರ್ಷಗಳಲ್ಲಿ ಸೀಗೆಹುಣ್ಣಿವೆಗೆ ಹೊಲಕ್ಕೆ ಹೋದುದು ಇದೇ ಮೊದಲು. ತಂದೆಯವರು ಬಟ್ಟಲನ್ನು ಕೆಳಗಿಟ್ಟು, ಅರಳೆಯನ್ನು ಕೈಯಲ್ಲಿ ಹೊಸೆಯುತ್ತ ಬಹಳ ಹೊತ್ತು ಸುಮ್ಮನೆ ಕುಳಿತರು.

ಅವರು ಹೊರಟ ದಿನ ಬಸ್ಸಿನ ನಿಲ್ದಾಣಕ್ಕೆ ಮೂಲೆಮನೆಯ ಅಜ್ಜನೂ ಬಂದು, ತಂದೆಯವರ ಬರಿದಲೆಯನ್ನು ನೋಡಲಾರದೆ ತನ್ನದೊಂದು ಹೊಸ ಟೋಪಿಯನ್ನು ಕೊಟ್ಟನು. ಅದು ಅವರಿಗೆ ಎರಡು ಬೆರಳು ದೊಡ್ಡದು. ಹಾಕಿಕೊಂಡೇ ಹೋದರು. ಅರ್ಜಿಯನ್ನು ಮಾತ್ರ ಒಯ್ಯಲಿಲ್ಲ. ಅದು ಮಾಡದಲ್ಲಿಯೇ ಉಳಿಯಿತು. ಆಮೇಲೆ ಬಂದ ಮಳೆಗೆ ಮಾಳಿಗೆಯು ಬೇಕಾದ ಕಡೆಗೆಲ್ಲ ಸೋರಿತಾದರೂ ಆ ಮಾಡದ ಮೇಲೆ ಒಂದು ಹನಿಯೂ ಬೀಳಲಿಲ್ಲ.

ದೀಪಾವಳಿಗೆ ಧಾರವಾಡದಿಂದ ದೂರವಾಣಿ ಬಂದಿತು. ತಂದೆಯವರು, "ಆ ಕಾಗದ ಕಳಿಸಿದ್ರೇನು?" ಎಂದು ಕೇಳುತ್ತಿರುವಾಗಲೇ ತಾಯಿಯವರು ಅವರ ಕೈಯಿಂದ ಅದನ್ನು ಇಸಿದುಕೊಂಡು, ಜೋಳ ಎಷ್ಟೆತ್ತರ ಆಗಿದೆಯೆಂದು ವಿಚಾರಿಸಿದರು. ಮೊಣಕಾಲೆತ್ತರವೆಂದೆವು. ಸೀತನಿಯ ಹೊತ್ತಿಗೆ ತಪ್ಪದೆ ಬರುವೆವೆಂದೂ, ಅಷ್ಟರಲ್ಲಿ ಮಾಳಿಗೆಗೆ ಹೊಸ ಮಣ್ಣು ಹಾಕಿಸಿರೆಂದೂ ಹೇಳಿದರು.

ಹೊಲದ ಒಡತಿಯು ಈಗಲೂ ಹಾಲು ಕೊಡಲು ಬಂದಾಗಲೆಲ್ಲ, "ಎಡೀ ಹೊಡಿಯೂ ಮುಂದ ನೋಡೇವ್ರಿ ಅಕ್ಕಾರ, ಇನ್ನೂ ಸಿಕ್ಕಿಲ್ಲ. ಮುಂದಿನ ಸಾಲು ನಾಳೆ ನೋಡತೇವಿ" ಎನ್ನುತ್ತಾಳೆ. ಒಂಟಿ ಓಲೆಯನ್ನು ಮನೆಯೊಡತಿಯು ರಂಗೋಲಿಯ ಬಟ್ಟಲಿನ ಪಕ್ಕದ ಡಬ್ಬಿಯಲ್ಲಿಟ್ಟಿದ್ದಾಳೆ.